ಮರಗೆಲಸದ ಕೋಣೆಗೆ ಬ್ಯಾಂಡ್ ಸಾ ಕೊಳ್ಳುವ ಮುನ್ನ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಬೆಂಗಳೂರಿನಲ್ಲಿ ಒಳ್ಳೆಯ ನೌಕರಿಯಲ್ಲಿರುವವನು. "ಸಾರ್, ಮನೆಯ ಹಿಂದೆ ನಾನೂ ಒಂದು ಮರಗೆಲಸದ ಕೋಣೆ ಕಟ್ಟಿಸಿದ್ದೇನೆ. ಬ್ಯಾಂಡ್ ಸಾ ಕೊಳ್ಳಬೇಕು. 14 ಇಂಚಿನದು ಸಾಕೋ, 18 ಇಂಚಿನದೇ ಬೇಕೋ ಹೇಳಿ" ಎಂದ. ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಮುಂದಿನ ಬೆಂಚಿನವನ ಬೆನ್ನ ಹಿಂದೆ ಅಡಗುತ್ತಿದ್ದ ಹುಡುಗ ಈಗ ನನ್ನನ್ನೇ ಪರೀಕ್ಷೆಗೆ ಕೂರಿಸಿದನಲ್ಲ ಎಂದು ಸಂತೋಷವಾಯಿತು. ಆದರೆ ಉತ್ತರ ಹೇಳುವ ಬದಲು "ನೀನು ಕೊಯ್ಯುವುದು ಯಾವ ಮರ, ಎಷ್ಟು ಅಗಲದ್ದು?" ಎಂದು ಮರುಪ್ರಶ್ನೆ ಹಾಕಿದೆ. ಅವನಲ್ಲಿ ಉತ್ತರವಿರಲಿಲ್ಲ. ಕೆಲವು ವರ್ಷಗಳ ಹಿಂದೆ ನನ್ನಲ್ಲಿಯೂ ಇರಲಿಲ್ಲ. ಅದರ ಫಲವಾಗಿ ಅಜ್ಜನ ಕಾಲದ ಹಲಸಿನ ತೊಲೆಯೊಂದು ನಮ್ಮ ಬಚ್ಚಲೊಲೆ ಸೇರಿತು.

ಬ್ಯಾಂಡ್ ಸಾ ಎಂದರೇನೆಂದು ತಿಳಿಯದ ಓದುಗ ಮಿತ್ರರಿಗಾಗಿ ಎರಡು ಮಾತು. ಸಾಮಿಲ್ಲಿನಲ್ಲಿ ದಿಮ್ಮಿ ಸೀಳುವ ಯಂತ್ರವನ್ನು ನೀವು ನೋಡಿರಬಹುದು. ಮೇಲೊಂದು ಕೆಳಗೊಂದು ಗಾಲಿ. ಅವೆರಡನ್ನೂ ಬಳಸಿ ಸುತ್ತುವ, ತುದಿಗಳನ್ನು ಒಂದಕ್ಕೊಂದು ಬೆಸೆದ ಉಕ್ಕಿನ ಪಟ್ಟಿ. ಪಟ್ಟಿಯ ಒಂದಂಚಿಗೆ ಹಲ್ಲು. ಮನೆಯಲ್ಲಿ ಬಳಸುವುದು ಅದರ ಮರಿ. ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ ಎಂಬುವನು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದರೂ, ಗಾಲಿಗಳ ಮೇಲೆ ಬಾಗಿ ಬಾಗಿ ಪಟ್ಟಿ ತುಂಡಾಗುತ್ತಿದ್ದುದರಿಂದ ದಶಕಗಳ ಕಾಲ ಯಂತ್ರ ಬಳಕೆಗೆ ಬರಲಿಲ್ಲ. ಬೆಸುಗೆ ನಿಲ್ಲುವ ಕ್ರಮವನ್ನು ಕಂಡುಹಿಡಿದವರು ಫ್ರಾನ್ಸಿನ ಆನ್ ಪೋಲಿನ್ ಕ್ರೆಪಿನ್ ಎಂಬ ಮಹಿಳೆ. ಅವರು ಪೇಟೆಂಟ್ ಕೋರಿದ್ದು 1846ರಲ್ಲಿ. ಗಾಲಿ, ಕಂಬ, ಮೋಟಾರುಗಳೆಲ್ಲವೂ ಆ ಪಟ್ಟಿಯನ್ನು ನೆಟ್ಟಗೆ ಓಡಿಸುವುದಕ್ಕಾಗಿಯೇ ಇರುವ ಪರಿಕರಗಳು. ಇಷ್ಟನ್ನು ನಾನು ಮೊದಲೇ ಅರಿತಿದ್ದರೆ ತೊಲೆ ಉಳಿಯುತ್ತಿತ್ತು.

ಸಾಗರ ತಾಲ್ಲೂಕಿನ ನಮ್ಮ ಹಳೆಯ ಮನೆಯನ್ನು 2018ರ ಬೇಸಿಗೆಯಲ್ಲಿ ಕೆಡವಬೇಕಾಯಿತು. ನಡುಮನೆಯ ಅಟ್ಟವನ್ನು ಹೊತ್ತಿದ್ದ ನಾಲ್ಕು ತೊಲೆಗಳು ಮಾತ್ರ ಗಟ್ಟಿಯಾಗಿದ್ದವು. ದಪ್ಪ 4 ಇಂಚು, ಅಗಲ 8 ಇಂಚು, ಉದ್ದ 7 ಅಡಿ. ಹೊಗೆ ಕುಡಿದು ಕಪ್ಪಾಗಿದ್ದರೂ ಒಂದು ಸಿಪ್ಪೆ ಕೆತ್ತಿದರೆ ಒಳಗೆ ಜೇನಿನ ಬಣ್ಣ. ನಾವು ಒಡಹುಟ್ಟಿದವರು ನಾಲ್ವರು, ತಲೆಗೊಂದು ತೊಲೆ. "ಮಾರುವುದು ಬೇಡ ಮಾರಾಯ, ನೀನು ಹೇಗೂ ಈಗ ಬಡಗಿಯಾಗಿದ್ದೀಯಲ್ಲ, ಅಪ್ಪನ ಪೆಟ್ಟಿಗೆ ಇತ್ತಲ್ಲ, ಅಂಥದ್ದೇ ಒಂದೊಂದು ಮಾಡಿಕೊಡು" ಎಂದಳು ಅಕ್ಕ. ಒಪ್ಪಿಕೊಂಡೆ. ಸಾಮಿಲ್ಲಿನವರನ್ನು ಕೇಳಿದರೆ "ಹಳೇ ಮರ ಮಾತ್ರ ತರಬೇಡಿ ಮೇಷ್ಟ್ರೇ, ಒಳಗೊಂದು ಮೊಳೆ ಇದ್ದರೆ ನನ್ನ ಬ್ಲೇಡು ಹೋಯಿತು" ಎಂದು ಕೈಮುಗಿದರು. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ಹೀಗಾಗಿ ನಾನೇ ಯಂತ್ರ ಕೊಳ್ಳುವ ಪ್ರಸಂಗ ಬಂತು.

ಮೊದಲು ಕೊಂಡದ್ದು ಮೇಜಿನ ಮೇಲಿಡುವ 10 ಇಂಚಿನ ಪುಟ್ಟ ಯಂತ್ರ. ಚಿತ್ರ ಚೆನ್ನಾಗಿತ್ತು, ಬೆಲೆ ಕೈಗೆಟುಕುವಂತಿತ್ತು. ಮನೆಗೆ ಬಂದ ಮೇಲೆ ಅಳತೆಪಟ್ಟಿ ಹಿಡಿದು ನೋಡಿದರೆ ಮರ ತೂರಿಸುವ ಎತ್ತರ ನಾಲ್ಕು ಇಂಚಿಗಿಂತ ತುಸು ಹೆಚ್ಚು, ಅಷ್ಟೆ. ಎಂಟು ಇಂಚಿನ ತೊಲೆಯನ್ನು ಅದರೊಳಗೆ ನಿಲ್ಲಿಸುವುದಾದರೂ ಹೇಗೆ? ನಮ್ಮ ಕೇರಿಯ ಆಚಾರ್ರಿಂದ ನನ್ನ ಪಾಲಿನ ತೊಲೆಯನ್ನು ಉದ್ದಕ್ಕೆ ಎರಡಾಗಿ ಸೀಳಿಸಿ (ಬುದ್ಧಿಗೇಡಿತನದ ನಡುವೆಯೂ ನನ್ನ ಪಾಲಿನದನ್ನೇ ಮೊದಲು ಆರಿಸಿದ ಪುಣ್ಯ ನನ್ನದು) ಯಂತ್ರದೊಂದಿಗೇ ಬಂದಿದ್ದ ಸಣ್ಣಹಲ್ಲಿನ ಕಾಲಿಂಚು ಬ್ಲೇಡಿನಲ್ಲಿ ಕೊಯ್ಯಲು ತೊಡಗಿದೆ. ಮೇಲೆ ನೋಡಿದರೆ ಗೆರೆಯ ಮೇಲೆಯೇ ಹೋಗುತ್ತಿದೆ. ಹಲಗೆ ಬೇರೆಯಾಗಿ ಕೈಗೆ ಬಂದಾಗ ನಡುಭಾಗ ಹೊಟ್ಟೆ ಬಿಟ್ಟಿತ್ತು. ಅಂಚಿನಲ್ಲಿ ಅರ್ಧ ಇಂಚು, ನಡುವೆ ಅದರ ಅರ್ಧವೂ ಇಲ್ಲ. ಬ್ಲೇಡು ಬಿಗಿ ಮಾಡಿದೆ, ನಿಧಾನಿಸಿದೆ, ಯಂತ್ರದ ತಯಾರಕನನ್ನು ಬೈದೆ. ತೊಲೆ ಮುಗಿಯುವವರೆಗೂ ಹೊಟ್ಟೆ ಇಳಿಯಲಿಲ್ಲ. ಆಚಾರ್ರು ಬಂದು ಬ್ಲೇಡಿನ ಮೇಲೆ ಬೆರಳಾಡಿಸಿ, "ಯಂತ್ರಕ್ಕೆ ಯಾಕೆ ಬೈತೀರಿ ಮೇಷ್ಟ್ರೇ? ಈ ಹಲ್ಲಿನಲ್ಲಿ ಹಲಸು ಸೀಳೋದು ಬಾಚಣಿಗೆಯಲ್ಲಿ ಗದ್ದೆ ಹೂಡಿದ ಹಾಗೆ" ಎಂದರು.

ಆದ್ದರಿಂದ ನನ್ನ ಮೊದಲ ಅಭಿಪ್ರಾಯ: ಬ್ಲೇಡಿನಿಂದ ಲೆಕ್ಕ ಆರಂಭಿಸಿ ಯಂತ್ರಕ್ಕೆ ಬರಬೇಕೇ ಹೊರತು ಯಂತ್ರದಿಂದ ಬ್ಲೇಡಿಗಲ್ಲ. ಹಲ್ಲು ಕೊರೆದ ಪುಡಿ ಹಲ್ಲುಗಳ ನಡುವಿನ ಗುಳಿಯಲ್ಲಿ ಕುಳಿತು, ಮರದ ಕೆಳಗೆ ಬಂದಮೇಲೆಯೇ ಉದುರಬೇಕು. ಎಂಟು ಇಂಚು ಎತ್ತರದ ಮರದಲ್ಲಿ ಸಣ್ಣ ಗುಳಿ ಅರ್ಧದಾರಿಯಲ್ಲೇ ತುಂಬಿಹೋಗುತ್ತದೆ. ಮುಂದೆ ಕೊರೆಯಲಾರದ ಬ್ಲೇಡು ನಾವು ದೂಡಿದಷ್ಟೂ ಅಡ್ಡಕ್ಕೆ ಬಾಗುತ್ತದೆ. ದಪ್ಪ ಮರ ಸೀಳಲು ಇಂಚಿಗೆ ಮೂರು ಹಲ್ಲಿನ, ಅರ್ಧ ಇಂಚು ಅಗಲದ ಬ್ಲೇಡು ಬೇಕು. ತೆಳು ಹಲಗೆಗೆ ಇದೇ ಬ್ಲೇಡು ಹಾಕಿದರೆ ಮರ ಚಿಂದಿಯಾಗುತ್ತದೆ. ಯಾವ ಹೊತ್ತಿನಲ್ಲಿಯೂ ಕನಿಷ್ಠ ಮೂರು ಹಲ್ಲು ಮರದೊಳಗಿರಬೇಕೆಂಬುದು ನಿಯಮ. ತಿರುವು ಕೊಯ್ಯಲು ಕಿರಿದಾದ ಬ್ಲೇಡು: ಕಾಲಿಂಚಿನದು ಸುಮಾರು ಮುಕ್ಕಾಲು ಇಂಚು ತ್ರಿಜ್ಯದ ತಿರುವನ್ನು ನಿರಾಯಾಸವಾಗಿ ತೆಗೆಯುತ್ತದೆ, ಅರ್ಧ ಇಂಚಿನದಕ್ಕೆ ಎರಡೂವರೆ ಇಂಚು ಬೇಕು. ಎಲ್ಲಕ್ಕೂ ಒಂದೇ ಬ್ಲೇಡು ಎಂಬುದು ಅಂಗಡಿಯವರ ಮಾತು. ಯಂತ್ರಕ್ಕಾಗಿ ಕೂಡಿಸಿದ ಹಣದಲ್ಲಿ ನಾಲ್ಕಾರು ಬ್ಲೇಡಿನ ಬೆಲೆಯನ್ನು ಮೊದಲೇ ಎತ್ತಿಟ್ಟು, ಉಳಿದುದರಲ್ಲಿ ಬಂದಷ್ಟು ದೊಡ್ಡ ಯಂತ್ರ ಕೊಳ್ಳಿ. ಸಾಮಿಲ್ಲಿನ ದಪ್ಪ ಬ್ಲೇಡನ್ನು ಕತ್ತರಿಸಿ ಬೆಸೆದುಕೊಡುತ್ತೇವೆನ್ನುವವರಿದ್ದಾರೆ, ಬೇಡ. ಚಿಕ್ಕ ಗಾಲಿಯ ಸುತ್ತ ದಪ್ಪ ಉಕ್ಕು ಬಾಗಿ ಬಾಗಿ ಬೇಗನೆ ಬಿರುಕುಬಿಡುತ್ತದೆ. ನ್ಯೂಬೆರಿಯ ಕಾಲದ ಕಷ್ಟವೇ ಅದು.

ಇನ್ನು 14, 18 ಎಂಬ ಅಂಕಿಗಳ ವಿಚಾರ. ಅದು ಗಾಲಿಯ ವ್ಯಾಸ. ಬ್ಲೇಡಿಗೂ ಹಿಂದಿನ ಕಂಬಕ್ಕೂ ನಡುವಿನ ಜಾಗ ಅದಕ್ಕಿಂತ ತುಸು ಕಡಿಮೆ. ಹಲಗೆ ಸೀಳುವವನಿಗೆ ಮುಖ್ಯವಾದದ್ದು ಬೇರೆ ಅಂಕಿ, ಮೇಜಿನಿಂದ ಮೇಲಿನ ಗೈಡಿನವರೆಗಿನ ಎತ್ತರ. ಎರಕದ ಕಬ್ಬಿಣದ ಹಳೆಯ ಮಾದರಿಯ 14 ಇಂಚಿನ ಯಂತ್ರಗಳಲ್ಲಿ ಅದು ಕೇವಲ 6 ಇಂಚು. ಕಂಬದ ನಡುವೆ ಒಂದು ಕಬ್ಬಿಣದ ತುಂಡು ಸೇರಿಸಿ 12 ಇಂಚಿಗೆ ಏರಿಸಬಹುದು. ಆಗ ಬ್ಲೇಡಿನ ಉದ್ದವೂ 93½ ಇಂಚಿನಿಂದ 105ಕ್ಕೆ ಏರುತ್ತದೆ. ಉಕ್ಕಿನ ತಗಡನ್ನು ಮಡಿಸಿ ಬೆಸೆದ ಹೊಸ ಮಾದರಿಗಳಲ್ಲಿ ಅದೇ 14 ಇಂಚಿಗೆ 10 ಇಂಚಿನ ಎತ್ತರ, ಕೆಲವೆಡೆ ಇನ್ನೂ ಹೆಚ್ಚು ಸಿಗುತ್ತದೆ. ನಾನು ಕೊನೆಗೆ ಆರಿಸಿದ್ದು ಅಂಥದ್ದನ್ನು. ಅಂಗಡಿಯಲ್ಲಿ ನೋಡುವಾಗ ಮೇಲಿನ ಗೈಡನ್ನು ಪೂರ್ತಿ ಎತ್ತರಿಸಿ ಕೈಯಿಂದ ಅಡ್ಡಕ್ಕೆ ತಳ್ಳಿ ನೋಡಿ. ಅಲುಗಾಡಿದರೆ, ಅಂಕಿ ಎಷ್ಟೇ ಇರಲಿ, ಹೊರಗೆ ಬನ್ನಿ.

ಮೋಟಾರಿನ ಬಗ್ಗೆ ಬರೆಯುವಾಗ ನಾನು ಮೂವತ್ತು ವರ್ಷ ಬೋಧಿಸಿದ ವಿಜ್ಞಾನದ ಪಾಠ ನೆನಪಾಗುತ್ತದೆ. ಮುಕ್ಕಾಲು ಅಶ್ವಶಕ್ತಿ ಆಟಿಕೆ, ಚೌಕಟ್ಟುಗಳ ತಿರುವು ಕೊಯ್ಯಲು ಸಾಕು. ಎಂಟು ಇಂಚಿನ ಹಲಸಿಗೆ ಒಂದೂವರೆಯಿಂದ ಎರಡು ಬೇಕು. ಕಾರಣ ಮರವೊಂದೇ ಅಲ್ಲ. ಇಂಡಕ್ಷನ್ ಮೋಟಾರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಮಳೆಗಾಲದ ಸಂಜೆ ನಮ್ಮ ಮನೆಗೆ 230ರ ಬದಲು 180 ವೋಲ್ಟ್ ಬಂದರೆ ಉಳಿಯುವ ಬಲ ನೂರಕ್ಕೆ 61 ಪಾಲು ಮಾತ್ರ. ಎರಡು ಅಶ್ವಶಕ್ತಿ ಕೊಂಡೂ ನಾನು ದಪ್ಪ ಕೊಯ್ತವನ್ನು ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಇಟ್ಟುಕೊಳ್ಳುವುದು ಇದಕ್ಕೇ. ಅಮೆರಿಕದಲ್ಲಿರುವ ಇನ್ನೊಬ್ಬ ವಿದ್ಯಾರ್ಥಿ ಅಲ್ಲಿಂದಲೇ ಒಂದನ್ನು ಕಳಿಸುತ್ತೇನೆಂದು ಪ್ರೀತಿಯಿಂದ ಹೇಳಿದ್ದ; ಬೇಡವೆಂದೆ. ಅಲ್ಲಿನ ವಿದ್ಯುತ್ತು 120 ವೋಲ್ಟ್, 60 ಆವರ್ತ. ಇಲ್ಲಿನದು 50 ಆವರ್ತ. ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟೇಜನ್ನು ಸರಿಪಡಿಸಬಹುದು, ಆವರ್ತವನ್ನಲ್ಲ. ನಿಮಿಷಕ್ಕೆ 960 ಮೀಟರ್ ಓಡಬೇಕಾದ ಬ್ಲೇಡು 800ಕ್ಕೆ ಇಳಿಯುತ್ತದೆ, ಮೋಟಾರೂ ಬಿಸಿಯಾಗುತ್ತದೆ.

"ಟೇಬಲ್ ಸಾ ಮೊದಲು, ಬ್ಯಾಂಡ್ ಸಾ ಆಮೇಲೆ" ಎನ್ನುವವರೇ ಹೆಚ್ಚು. ಪ್ಲೈವುಡ್ ಹಾಳೆ ಕತ್ತರಿಸಿ ಕಪಾಟು ಮಾಡುವವರಿಗೆ ಆ ಮಾತು ಸರಿ. ಅಷ್ಟು ನೇರವಾದ ಅಂಚು ಬ್ಯಾಂಡ್ ಸಾದಲ್ಲಿ ಬಾರದು. ಆದರೆ ಇಡೀ ಮರದಲ್ಲಿ ಕೆಲಸ ಮಾಡುವ, ಅದರಲ್ಲೂ ಅರವತ್ತು ದಾಟಿದ, ಒಂಟಿಯಾಗಿ ಕೆಲಸ ಮಾಡುವವನಿಗೆ ನಾನು ಒಪ್ಪುವುದಿಲ್ಲ. ಟೇಬಲ್ ಸಾದ ಚಕ್ರದ ಹಿಂಭಾಗದ ಹಲ್ಲುಗಳು ಮೇಲಕ್ಕೆ ಏಳುತ್ತಿರುತ್ತವೆ. ಹಲಗೆ ತಿರುಚಿ ಅವಕ್ಕೆ ಸಿಕ್ಕಿದರೆ ಅದನ್ನೆತ್ತಿ ನೇರ ನಮ್ಮ ಎದೆಗೇ ಎಸೆಯುತ್ತವೆ. ಬ್ಯಾಂಡ್ ಸಾದ ಹಲ್ಲು ಸದಾ ಕೆಳಕ್ಕೆ ಓಡಿ ಮರವನ್ನು ಮೇಜಿಗೇ ಒತ್ತುತ್ತದೆ. 10 ಇಂಚಿನ ಟೇಬಲ್ ಸಾ ಮರದೊಳಗೆ ಇಳಿಯುವುದೂ ಮೂರು ಇಂಚಿನ ಆಸುಪಾಸು ಮಾತ್ರ. ಒಂದು ವೇಳೆ ಇಳಿದರೂ ಲೆಕ್ಕ ನೋಡಿ: 100 ಮಿಲಿಮೀಟರ್ ದಪ್ಪದ ತೊಲೆಯಿಂದ 12 ಮಿ.ಮೀ. ಹಲಗೆ ತೆಗೆಯುವಾಗ ಪ್ರತಿ ಕೊಯ್ತಕ್ಕೆ 3 ಮಿ.ಮೀ. ಪುಡಿಯಾದರೆ ಆರು ಹಲಗೆ; ಬ್ಯಾಂಡ್ ಸಾದಂತೆ 1 ಮಿ.ಮೀ. ಆದರೆ ಏಳು. ಮತ್ತೆಲ್ಲೂ ಸಿಗದ ಮರವಾದರೆ ಆ ಏಳನೆಯ ಹಲಗೆಯ ಬೆಲೆ ಕಟ್ಟುವವರಾರು?

ಹಾಗೆಂದು ಇದು ಸಾಧುಪ್ರಾಣಿಯೆಂದು ತಿಳಿಯಬೇಡಿ. ಎಲುಬುಸಹಿತ ಮಾಂಸ ಕತ್ತರಿಸಲು ಬಳಸುವುದೂ ಬ್ಯಾಂಡ್ ಸಾವನ್ನೇ. "ಏನ್ರೀ, ಪೆನ್ಷನ್ ಎಣಿಸೋಕಾದರೂ ಹತ್ತು ಬೆರಳು ಇಟ್ಕೊಳ್ಳಿ" ಎಂಬುದು ನನ್ನಾಕೆಯ ನಿತ್ಯದ ಎಚ್ಚರಿಕೆ. ಗೈಡನ್ನು ಮರದಿಂದ ಕಾಲಿಂಚು ಮೇಲಕ್ಕೆ ಮಾತ್ರ ಇರಿಸಬೇಕು, ಕೊನೆಯ ಗೇಣನ್ನು ಕೈಯಿಂದಲ್ಲ, ಕೋಲಿನಿಂದ ದೂಡಬೇಕು, ದುಂಡು ಕೊಂಬೆಯನ್ನು ಹಾಗೆಯೇ ಕೊಯ್ಯಬಾರದು; ಅದು ಉರುಳಿ ಕೈಯನ್ನು ಒಳಕ್ಕೆಳೆಯುತ್ತದೆ.

ಹಳೆಯ ಯಂತ್ರ ಸಿಕ್ಕರೆ ಕೊಳ್ಳಬಹುದೇ? ಖಂಡಿತ. ಎರಕದ ಕಬ್ಬಿಣಕ್ಕೆ ಮುಪ್ಪಿಲ್ಲ. ಗಾಲಿಯನ್ನು ಕೈಯಿಂದ ತಿರುಗಿಸಿ ಬೇರಿಂಗಿನ ಸದ್ದು ಕೇಳಿ. ಗಾಲಿಯ ಮೇಲಿನ ರಬ್ಬರು ನಡುವೆ ತುಸು ಉಬ್ಬಿರುತ್ತದೆ. ಓಡುವ ಪಟ್ಟಿ ಉಬ್ಬಿನ ನೆತ್ತಿಗೇ ಏರಿ ನಿಲ್ಲುವುದು ಅದರ ಗುಣ. ಸವೆದು ಚಪ್ಪಟೆಯಾಗಿದ್ದರೆ ಬ್ಲೇಡು ಅಲೆಯುತ್ತದೆ, ರಬ್ಬರು ಬದಲಿಸಬೇಕು. ಗಾಲಿಗಳಿಗೆ ಮುಚ್ಚಳವಿಲ್ಲದ ಯಂತ್ರವನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಮಲೆನಾಡಿನವರು ಮಳೆಗಾಲಕ್ಕೆ ಮುನ್ನ ಮೇಜಿಗೆ ಮೇಣ ಉಜ್ಜಿ, ಕೆಲಸವಿಲ್ಲದಾಗ ಬ್ಲೇಡಿನ ಬಿಗಿ ಸಡಿಲಿಸಿ ಇಡಬೇಕು.

ಕಾನೂನಿನ ಮಾತೊಂದಿದೆ, ಇದನ್ನು ಮಾರುವವರು ಯಾರೂ ಹೇಳುವುದಿಲ್ಲ. ಮರ ಆಧಾರಿತ ಉದ್ಯಮಗಳ ಬಗ್ಗೆ 2016ರಲ್ಲಿ ಕೇಂದ್ರದ ಪರಿಸರ ಮತ್ತು ಅರಣ್ಯ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಲ್ಲಿ ಪರವಾನಗಿಯಿಂದ ವಿನಾಯಿತಿ ಹೇಳುವಾಗ, ಬ್ಯಾಂಡ್ ಸಾ ಇರಬಾರದು, 30 ಸೆಂಟಿಮೀಟರಿಗಿಂತ ದೊಡ್ಡ ಚಕ್ರಗರಗಸವೂ ಇರಬಾರದು ಎಂಬ ಷರತ್ತಿದೆ. ಅದು ಉದ್ಯಮಕ್ಕೆ ಸಂಬಂಧಿಸಿದ್ದು. ಮನೆಯಲ್ಲಿ ಪೆಟ್ಟಿಗೆ ಮಾಡುವ ನಾವು ಉದ್ಯಮಿಗಳಲ್ಲ. ಆದರೂ ಯಂತ್ರದ ಹೆಸರೇ ಅಲ್ಲಿರುವಾಗ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮೊದಲು ವಿಚಾರಿಸುವುದು ವಿವೇಕ. ನಾನು ಅಳತೆ, ಅಶ್ವಶಕ್ತಿ, ಉದ್ದೇಶ ಎಲ್ಲವನ್ನೂ ಬರೆದು, ಮರ ಹಳೆಯ ಮನೆಯದೆಂಬ ವಿವರ ಸೇರಿಸಿ ಅರ್ಜಿ ಕೊಟ್ಟೆ. ಮೇಷ್ಟರ ಅರ್ಜಿ ಎಂದು ಗುಮಾಸ್ತರು ನಕ್ಕರೂ ಸ್ವೀಕೃತಿ ಕೊಟ್ಟರು. ಅದನ್ನು ಯಂತ್ರದ ರಶೀದಿಯೊಂದಿಗೆ ಇಟ್ಟಿದ್ದೇನೆ.

ಬೆಂಗಳೂರಿನ ಶಿಷ್ಯನಿಗೆ ಕೊನೆಗೆ ಹೇಳಿದ್ದು ಇಷ್ಟು: ಅವನು ಮಾಡಹೊರಟಿರುವುದು ಮಕ್ಕಳ ಆಟಿಕೆ, ಪುಸ್ತಕದ ಗೂಡು. ಅದಕ್ಕೆ 18 ಇಂಚು ಬೇಡವೇ ಬೇಡ; 14 ಇಂಚಿನ ಸಾಧಾರಣ ಯಂತ್ರ, ಮೂರು ಬಗೆಯ ಬ್ಲೇಡು ಸಾಕು. ಅವನಿಗೆ ಸ್ವಲ್ಪ ನಿರಾಶೆಯಾದಂತೆ ಕಂಡಿತು.

ಅಕ್ಕನಿಗೆ ಈಗ ಎಪ್ಪತ್ತೆಂಟು. ಉಳಿದ ಮೂರು ತೊಲೆಗಳಲ್ಲಿ ಅವಳದನ್ನೇ ಮೊದಲು ಕೈಗೆತ್ತಿಕೊಂಡೆ. ಹಿಡಿಯಲು ಹಗುರವಾಗಲೆಂದು ಮೂರೂವರೆ ಅಡಿಯ ಎರಡು ತುಂಡು ಮಾಡಿ, ಎರಡು ದಿನ ಆಯಸ್ಕಾಂತ ಹಿಡಿದು ಹುಡುಕಿ ಹನ್ನೊಂದು ಮೊಳೆ ಕಿತ್ತೆ. ಬ್ಲೇಡು ಹೊಸದು, ಇಂಚಿಗೆ ಮೂರು ಹಲ್ಲು. ಒಂದೊಂದು ತುಂಡಿನಲ್ಲಿ ಏಳೇಳು ಹಲಗೆ ಬಂದವು, ಹೊಟ್ಟೆ ಬಿಡಲಿಲ್ಲ. ಒಂದು ಹಲಗೆಯಲ್ಲಿ ಮಾತ್ರ ಮೊಳೆಯ ತುಕ್ಕು ಇಳಿದ ಕಪ್ಪು ಕಲೆ ಇದೆ. ಆ ಮೊಳೆಗೆ ಅಮ್ಮ ಲಾಂದ್ರ ತೂಗುಹಾಕುತ್ತಿದ್ದಳೆಂದು ಅಕ್ಕ ಹೇಳುತ್ತಾಳೆ, ನನಗೆ ನೆನಪಿಲ್ಲ. ಆ ಹಲಗೆಯನ್ನು ಪೆಟ್ಟಿಗೆಯ ತಳಕ್ಕೆ ಹಾಕೋಣವೆಂದಿದ್ದೆ. ಮುಚ್ಚಳಕ್ಕೇ ಹಾಕಬೇಕೆಂದು ನಿನ್ನೆ ಫೋನ್ ಮಾಡಿ ಹೇಳಿದ್ದಾಳೆ.