ಹಳೆಯ ದೋಣಿಗೆ ಹೊಸ ಯಂತ್ರ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಈ ಮಾತನ್ನು ಕಳೆದ ಬೇಸಗೆಯ ತನಕ ತುಸು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ. ಆ ಬೇಸಗೆಯಲ್ಲಿ ನಡೆದ ಒಂದು ಸಂಗತಿ ನನ್ನ ಹೆಮ್ಮೆಯನ್ನು ಸ್ವಲ್ಪ ತಗ್ಗಿಸಿತು. ಒಂದು ಅಭಿಪ್ರಾಯವನ್ನೂ ಹುಟ್ಟಿಸಿತು. ಅದನ್ನು ಅಧ್ಯಾಪಕರ ಮತ್ತು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ವಿಷಯ ಸಣ್ಣದು: ಹಳೆಯ ನಾಡದೋಣಿಗೆ ಹೊಸ ಯಂತ್ರ ಕಟ್ಟುವುದು. ಆದರೆ ಹೊನ್ನಾವರದ ಬಳಿ ಶರಾವತಿಯ ಅಳಿವೆಯ ಆಚೀಚೆ ಬಾಳುವ ನಮ್ಮಂಥ ಮನೆಗಳಿಗೆ ಇದು ವರ್ಷದ ಗಂಜಿಯ ಪ್ರಶ್ನೆ.

ನಮ್ಮ ದೋಣಿ ಅಜ್ಜನ ಕಾಲದ್ದು. ಉದ್ದ ಸುಮಾರು 25 ಅಡಿ; ಹೆಬ್ಬಲಸಿನ ಹಲಗೆ. ಅಜ್ಜ ಹಾಯಿ ಕಟ್ಟಿ, ಹುಟ್ಟು ಹಾಕಿ ನಡೆಸಿದ ದೋಣಿಗೆ ಅಪ್ಪ ಸೀಮೆಎಣ್ಣೆಯ ಯಂತ್ರ ಕಟ್ಟಿದರು. ಬೀಡುಬಲೆ ಹಾಕಿ ಬಂಗಡೆ, ತಾರ್ಲೆ ತಂದರು. ಆ ಮೀನಿನ ದುಡ್ಡಿನಲ್ಲಿಯೇ ನನ್ನ ಶುಲ್ಕ, ಪುಸ್ತಕ, ಬಸ್ಸಿನ ಪಾಸು ಎಲ್ಲವೂ ಆದವು. ಈಗ ಆ ಯಂತ್ರ ಮುದಿಯಾಗಿದೆ. ಮೊದಲು ಪೆಟ್ರೋಲಿನಿಂದ ಹೊತ್ತಿಸಿ ಆಮೇಲೆ ಸೀಮೆಎಣ್ಣೆಗೆ ತಿರುಗಿಸುವ ಆ ಯಂತ್ರಕ್ಕೆ ಬೇಕಾದ ಎಣ್ಣೆಯೂ ಬೇಕಾದಾಗ ಸಿಕ್ಕುವುದಿಲ್ಲ. ರಾಜ್ಯ ಸರಕಾರವು 2023ರ ಆಯವ್ಯಯದಲ್ಲಿ ಸೀಮೆಎಣ್ಣೆ ಯಂತ್ರಗಳನ್ನು ಬದಲಾಯಿಸಲು ಸಹಾಯಧನವನ್ನು ಘೋಷಿಸಿದಾಗ ನಮ್ಮ ಕೇರಿಯಲ್ಲೆಲ್ಲ ಹೊಸ ಯಂತ್ರದ್ದೇ ಮಾತು.

ಮನೆಯಲ್ಲಿ ಓದು ಬರಹ ಬಲ್ಲವನು ನಾನು. ಯಂತ್ರಗಳ ಬೆಲೆಪಟ್ಟಿ ತಂದೆ. ಸಾಲದ ಅರ್ಜಿ ತುಂಬಿದೆ. ಅವ್ವನ ಸರವನ್ನು ಅಡವಿಡುವ ಲೆಕ್ಕವನ್ನೂ ಹಾಕಿದೆ. "ಕಟ್ಟುವುದಾದರೆ ದೊಡ್ಡದನ್ನೇ ಕಟ್ಟೋಣ, ಅಪ್ಪ" ಎಂದು ಒತ್ತಾಯಿಸಿದವನೂ ನಾನೇ. ಅಪ್ಪ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಮರುದಿನ ಮುದುಕ ದೋಣಿ ಆಚಾರಿಯೊಬ್ಬರನ್ನು ಕರೆದುಕೊಂಡು ಬಂದರು.

ಆಚಾರಿ ಬೆಲೆಪಟ್ಟಿಯನ್ನು ನೋಡಲಿಲ್ಲ. ಸಣ್ಣ ಸುತ್ತಿಗೆಯಿಂದ ದೋಣಿಯ ಮೈಯನ್ನು ಗೇಣು ಗೇಣಾಗಿ ಬಡಿಯುತ್ತ ಸುತ್ತು ಬಂದರು. ಗಟ್ಟಿಯಿದ್ದಲ್ಲಿ ಟಣ್ ಎಂದಿತು. ಹಿಂಭಾಗಕ್ಕೆ ಬಂದಾಗ ಬೊದ್ ಎಂದಿತು. ಯಂತ್ರ ಕಟ್ಟುವ ಹಲಗೆಯ ಬುಡಕ್ಕೆ ಉಳಿ ಚುಚ್ಚಿದರೆ ಉಳಿ ಬೆಣ್ಣೆಗೆ ಇಳಿದಂತೆ ಇಳಿಯಿತು. "ಓದಿದ ಹುಡುಗ ನೀನು, ಎತ್ತಿನ ಬೆಲೆ ಕೇಳಿದೆ, ಗಾಡಿಯ ಅಚ್ಚು ನೋಡಲಿಲ್ಲ" ಎಂದು ನಕ್ಕರು. ಆ ನಗೆ ನನಗೆ ಚುಚ್ಚಿತು. ಇಪ್ಪತ್ತು ವರ್ಷ ಆ ದೋಣಿಯ ಅನ್ನ ಉಂಡ ನಾನು ಒಂದು ಸಲವೂ ಅದರ ಅಡಿಯನ್ನು ಬಗ್ಗಿ ನೋಡಿರಲಿಲ್ಲ.

ಹೀಗೆ ಹಿಂಭಾಗ ಕೊಳೆತ ದೋಣಿಗೆ ದೊಡ್ಡ ಯಂತ್ರ ಕಟ್ಟಿದರೆ ಏನಾಗುತ್ತದೆಂಬುದಕ್ಕೆ ಉದಾಹರಣೆ ನಮ್ಮ ಮನೆಯಲ್ಲಿಯೇ ಇತ್ತು. ಎರಡು ವರ್ಷದ ಹಿಂದೆ ದೊಡ್ಡಪ್ಪನ ಮಗ ತನ್ನ ಹಳೆಯ ದೋಣಿಗೆ ಅಂಥ ಯಂತ್ರವನ್ನು ಬಿಗಿದಿದ್ದ. ಅಳಿವೆ ದಾಟುವಾಗ ಅಲೆ ಎದ್ದಿತು. ಅವನು ಯಂತ್ರದ ಕಿವಿ ಹಿಂಡಿದ. ದೋಣಿ ಮುಂದೆ ಹೋಗುವ ಬದಲು ಹಿಂದಿನ ಹಲಗೆಯೇ ಬೋಲ್ಟು ಸಮೇತ ಕಿತ್ತು, ಯಂತ್ರ ನೀರಿನ ಪಾಲಾಯಿತು. ಹಿಂದಿನಿಂದ ಬರುತ್ತಿದ್ದ ದೋಣಿಯವರು ಮೂವರನ್ನೂ ಎತ್ತಿಕೊಂಡದ್ದರಿಂದ ಜೀವ ಉಳಿಯಿತು. ಸಾಲ ಮಾತ್ರ ಇನ್ನೂ ತೀರಿಲ್ಲ. ನಾವೆಲ್ಲ ಅದನ್ನು ಹಣೆಬರಹವೆಂದು ತಿಳಿದಿದ್ದೆವು. ಅದು ಕೊಳೆತ ಮರವೆಂದು ಆಚಾರಿಯ ಸುತ್ತಿಗೆ ಹೇಳಿತು.

ಈ ಪಾಠ ಹೊಸದೇನೂ ಅಲ್ಲ. 1952ರಲ್ಲಿ ಆದ ಒಪ್ಪಂದದಂತೆ ಇಂಡೋ-ನಾರ್ವೆ ಯೋಜನೆಯು ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿ ಕೆಲಸ ಆರಂಭಿಸಿದಾಗ, ಮೊದಲು ಅಲ್ಲಿನ ಸಾಂಪ್ರದಾಯಿಕ ದೋಣಿಗಳಿಗೇ ಯಂತ್ರ ಕೂರಿಸಲು ಯತ್ನಿಸಿದರು. ಹುಟ್ಟಿಗೂ ಹಾಯಿಗೂ ಹುಟ್ಟಿದ ಮೈ ಯಂತ್ರಕ್ಕೆ ಒಗ್ಗಲಿಲ್ಲ. ಆಮೇಲೆ ಯಂತ್ರಕ್ಕೆಂದೇ ಬೇರೆ ದೋಣಿಗಳನ್ನು ರೂಪಿಸಬೇಕಾಯಿತು. ಅದೇ ಯೋಜನೆ 1960ರ ದಶಕದಲ್ಲಿ ನಮ್ಮ ಕಾರವಾರಕ್ಕೂ ವಿಸ್ತರಿಸಿತು. ಮುಂದೆ 1980ರ ದಶಕದಲ್ಲಿ, ಹಿಂಭಾಗಕ್ಕೆ ತಗುಲಿಸುವ ಔಟ್‌ಬೋರ್ಡ್ ಯಂತ್ರಗಳು ಸಣ್ಣ ದೋಣಿಗಳಲ್ಲಿ ಹರಡಿದವು. ತಗುಲಿಸುವುದು ಸುಲಭವಾದುದರಿಂದಲೇ ದೋಣಿಯ ಮೈಯನ್ನು ನೋಡುವ ಅಭ್ಯಾಸ ತಪ್ಪಿತೆಂದು ನನಗೆ ತೋರುತ್ತದೆ.

"ದೊಡ್ಡ ಯಂತ್ರವಾದರೆ ಬೇಗ ದಡ ಸೇರಬಹುದಲ್ಲ" ಎಂದು ಕೇಳುವವರುಂಟು. ನಾನೂ ಹಾಗೆಯೇ ಎಣಿಸಿದ್ದೆ. ಭೌತಶಾಸ್ತ್ರದ ಅಧ್ಯಾಪಕರೊಬ್ಬರನ್ನು ಕೇಳಿದಾಗ ಅವರು ಒಂದು ಸರಳ ಲೆಕ್ಕ ತೋರಿಸಿಕೊಟ್ಟರು. ನೀರನ್ನು ಸೀಳಿಕೊಂಡು ಹೋಗುವ ಭಾರದ ದೋಣಿಯ ವೇಗಕ್ಕೆ ಅದರ ಉದ್ದವೇ ಮಿತಿ ಹಾಕುತ್ತದೆ. ನೀರಿನ ಮಟ್ಟದಲ್ಲಿ 25 ಅಡಿ ಉದ್ದವಿದ್ದರೆ ಆ ಮಿತಿ ಗಂಟೆಗೆ ಸುಮಾರು 12 ಕಿಲೋಮೀಟರು. ಅದಕ್ಕೆ ಮೀರಿ ಓಡಿಸಹೊರಟರೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಹೆಣಗುತ್ತದೆ. ಎಣ್ಣೆ ಉರಿಯುತ್ತದೆ, ವೇಗ ಏರುವುದಿಲ್ಲ. ಹಗುರವಾದ ಫೈಬರ್ ದೋಣಿ ನೀರಿನ ಮೇಲೆಯೇ ಜಾರಿ ಹೋಗುವುದನ್ನು ನೋಡಿ, ಬಲೆ ಮೀನು ತುಂಬಿದ ಮರದ ದೋಣಿಯಿಂದಲೂ ಅದನ್ನೇ ಬಯಸುವುದು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದಂತೆ.

ಅಳಿವೆಯ ಅಪಾಯವನ್ನು ನಾನು ಮರೆತಿಲ್ಲ. ಹೂಳು ತುಂಬಿದ ನಮ್ಮ ಅಳಿವೆಯಲ್ಲಿ ಅಲೆ ಎದ್ದಾಗ ಯಂತ್ರದಲ್ಲಿ ಸ್ವಲ್ಪ ಬಲ ಮಿಗಿಲಾಗಿರಬೇಕು ಎಂಬ ಮಾತು ಸರಿಯಾದುದೇ. ಆದರೆ ಆ ಬಲವನ್ನು ತಾಳುವ ಹಲಗೆಯಿಲ್ಲದಿದ್ದರೆ ಬಲವೇ ಶತ್ರು. ಇನ್ನೊಂದು ಮಾತನ್ನೂ ನೆನೆಯಬೇಕು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ಯಂತ್ರವಿರುವ ನಾಡದೋಣಿಗಳಿಗೆ ಮಾತ್ರ ಆಗ ಅವಕಾಶ. ದೊಡ್ಡ ಯಂತ್ರ ಕಟ್ಟಿದವನು ಬಡವನ ಪಾಲಿಗಿದ್ದ ಆ ಎರಡು ತಿಂಗಳನ್ನೂ ತಾನಾಗಿ ಕಳೆದುಕೊಂಡಂತೆ.

ನಾವು ಮಾಡಿದ್ದು ಇಷ್ಟು. ದೋಣಿಯನ್ನು ದಡಕ್ಕೆಳೆದು, ಬಿಸಿಲಿಗೆ ಬಿರಿಯದಂತೆ ತೆಂಗಿನ ಗರಿ ಹೊದಿಸಿ ಆರಲು ಬಿಟ್ಟೆವು. ಮರ ಕೊರೆಯುವ ಕಡಲಹುಳು ನೀರಿಲ್ಲದೆ ಬಹಳ ದಿನ ಬದುಕಲಾರದು. ಕೊಳೆತ ಭಾಗವನ್ನು ಗಟ್ಟಿ ಮರ ಕಾಣುವ ತನಕ ಕತ್ತರಿಸಿ ಹೊಸ ಹಲಗೆ ಕೂಡಿಸಿದರು. ತುಕ್ಕು ಹಿಡಿದ ಮೊಳೆಗಳನ್ನು ಕಿತ್ತರು. ಸಂದುಗಳಿಗೆ ಹತ್ತಿ ತುರುಕಿ, ಮೈಗೆಲ್ಲ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದರು. "ಮೇಲೊಂದು ಫೈಬರ್ ಹೊದಿಸಿದರೆ ಎಲ್ಲ ಮುಚ್ಚಿಹೋಗುತ್ತದೆ" ಎಂದು ಯಾರೋ ಸಲಹೆ ಕೊಟ್ಟಾಗ ಆಚಾರಿ, "ಕೀವು ಒಳಗಿಟ್ಟು ಪಟ್ಟಿ ಕಟ್ಟುತ್ತೀರೋ?" ಎಂದರು. ಹಸಿ ಮರದ ಮೇಲೆ ಫೈಬರ್ ಹೊದಿಸಿದರೆ ನೀರಿನ ಪಸೆ ಒಳಗೇ ನಿಂತು ಮರವನ್ನು ತಿನ್ನುತ್ತದೆ.

ಯಂತ್ರದ ಸರದಿ ಬಂದದ್ದು ಇದೆಲ್ಲ ಆದ ಮೇಲೆ. ಹತ್ತು ಅಶ್ವಶಕ್ತಿಯೊಳಗಿನ ಪೆಟ್ರೋಲಿನ ಯಂತ್ರ. ಭಾರದ ದೋಣಿಗೆ ತಕ್ಕಂತೆ ಓರೆ ಕಡಿಮೆಯಿರುವ ಫ್ಯಾನು. ಫ್ಯಾನು ತೀರ ಮೇಲಿದ್ದು ಗಾಳಿ ಕಡೆಯದಂತೆ, ತೀರ ಕೆಳಗಿದ್ದು ನೀರನ್ನು ಎಳೆಯದಂತೆ, ಹಿಂದಿನ ಹಲಗೆಯ ಎತ್ತರವನ್ನು ಅಳೆದು ಕೂರಿಸಿದರು. ಆ ಎರಡು ತಿಂಗಳ ಮೀನು ನಮಗೆ ತಪ್ಪಿತು, ನಿಜ. ಅವ್ವನ ಸರವೂ ಅಡವಿಗೆ ಹೋಯಿತು. ಆದರೆ ಸಾಲ ನಾನು ಮೊದಲು ಹಾಕಿದ ಲೆಕ್ಕಕ್ಕಿಂತ ಕಡಿಮೆ.

ಎಲ್ಲ ಹಳೆಯ ದೋಣಿಗಳನ್ನೂ ಉಳಿಸಬೇಕೆಂಬ ಹಟ ನನಗಿಲ್ಲ. ಅಡಿಯ ಮುಖ್ಯ ಮರವೇ ಹೋಗಿದ್ದರೆ ಅದನ್ನು ಒಡೆದು ಹೊಸದು ಮಾಡುವುದೇ ವಿವೇಕ. ನನ್ನ ವಾದ ಒಂದೇ: ಮೊದಲು ಮೈ, ಆಮೇಲೆ ಯಂತ್ರ. ಸಹಾಯಧನ ಕೊಡುವ ಸರಕಾರವು ಯಂತ್ರದ ರಶೀದಿಯ ಜೊತೆಗೆ ದೋಣಿಯ ಮೈಯ ಪರೀಕ್ಷೆಯನ್ನೂ ಕೇಳಲಿ. ದುರಸ್ತಿಗೂ ಒಂದು ಪಾಲು ಕೊಡಲಿ. ಇಲ್ಲವಾದರೆ ಸಾರ್ವಜನಿಕರ ಹಣವೂ ಬಡವನ ಸಾಲವೂ ಒಟ್ಟಿಗೇ ಅಳಿವೆಯಲ್ಲಿ ಮುಳುಗಿಯಾವು. ನಮ್ಮ ಆಚಾರಿಗೆ ಎಪ್ಪತ್ತು ದಾಟಿದೆ. ಅವರ ಮಗ ಬೆಂಗಳೂರಿನಲ್ಲಿ ಬಾಗಿಲು ಕಿಟಕಿ ಮಾಡುತ್ತಾನೆ. ಕರಾವಳಿಯ ಕೈಗಾರಿಕಾ ತರಬೇತಿ ಶಾಲೆಗಳಲ್ಲಿ ಈ ವಿದ್ಯೆಗೂ ಒಂದು ಬೆಂಚು ಇರಬಾರದೇಕೆ?

ನಮ್ಮ ಪಾಲಿನ ಕೆಲಸವೂ ಉಂಟು. ಕೊಚ್ಚಿಯಲ್ಲಿ 1957ರಿಂದ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯಿದೆ. ದೋಣಿಯ ಮರ, ಇಂಧನದ ಉಳಿತಾಯ ಮುಂತಾದವುಗಳ ಬಗೆಗೆ ಅಲ್ಲಿ ಸಂಶೋಧನೆ ನಡೆದಿದೆ. ಆ ತಿಳಿವಳಿಕೆ ಅಪ್ಪನಂಥವರಿಗೆ ಅವರ ಮಾತಿನಲ್ಲಿ ಮುಟ್ಟಬೇಕಾದರೆ, ಮುಟ್ಟಿಸುವವರು ಆ ಮನೆಗಳಿಂದ ಓದಲು ಬಂದ ನಾವಲ್ಲದೆ ಮತ್ತಾರು? ಬರಿಯ ಅರ್ಜಿ ತುಂಬುವುದಕ್ಕಾಗಿಯೇ ನಮ್ಮನ್ನು ಓದಿಸಿಲ್ಲವಷ್ಟೆ.

ಜೂನ್ ತಿಂಗಳಲ್ಲಿ ನಮ್ಮ ದೋಣಿ ಮತ್ತೆ ನೀರಿಗಿಳಿಯಿತು. ಅಪ್ಪ ಸಂಜೆ ಮರಳಿದಾಗ ನಾನು ಎಷ್ಟು ಮೀನು ಬಿತ್ತೆಂದು ಕೇಳಲಿಲ್ಲ. ದೋಣಿಯೊಳಕ್ಕೆ ಬಗ್ಗಿ, ಎಷ್ಟು ನೀರು ಬಂದಿದೆಯೆಂದು ನೋಡಿದೆ. ಒಂದು ಚೊಂಬಿನಷ್ಟೂ ಇರಲಿಲ್ಲ.