ಕಸುಬು ಕಲಿಯಹೊರಟ ಹುಡುಗರಿಗೆ ನಾಲ್ಕು ಮಾತು

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಮಗಳು ಬಿ.ಇ. ಓದುತ್ತಿರುವ ಸಂಗತಿಯನ್ನು ಗಟ್ಟಿಯಾಗಿಯೇ ಹೇಳಿದಳು. ಮಗನ ವಿಷಯ ಕೇಳಿದಾಗ ಮಾತ್ರ ಅವಳ ದನಿ ತಗ್ಗಿತು. "ಅವನು ಐ.ಟಿ.ಐ. ಸೇರಿದಾನೆ ಸಾರ್, ಎಲೆಕ್ಟ್ರಿಷಿಯನ್ ಟ್ರೇಡು. ಏನ್ಮಾಡೋದು, ಮಾರ್ಕ್ಸ್ ಕಡಿಮೆ ಬಂತು" ಎಂದಳು. ಯಾವುದೋ ಅಪರಾಧವನ್ನು ಒಪ್ಪಿಕೊಂಡಂತಿತ್ತು ಆ ಮಾತು. ಮಾತು ಮುಗಿದ ಮೇಲೂ ಆ ತಗ್ಗಿದ ದನಿ ನನ್ನ ಕಿವಿಯಲ್ಲೇ ಉಳಿಯಿತು. ಏಕೆಂದರೆ, ಅದನ್ನು ಕಲಿಸಿದವರಲ್ಲಿ ನಾನೂ ಒಬ್ಬ.

ವಿಜ್ಞಾನದ ಮೇಷ್ಟ್ರಾಗಿದ್ದ ಕಾಲದಲ್ಲಿ, ಲೆಕ್ಕ ತಪ್ಪಿಸಿದ ಹುಡುಗನೊಬ್ಬನಿಗೆ ಇಡೀ ತರಗತಿಯ ಮುಂದೆ, "ನೀನು ಕಂಬ ಹತ್ತಿ ವೈರು ಎಳೆಯೋದಕ್ಕೇ ಲಾಯಕ್ಕು" ಎಂದಿದ್ದೆ. ಮಕ್ಕಳೆಲ್ಲ ನಕ್ಕರು. ಅವನು ತಲೆ ತಗ್ಗಿಸಿ ಕುಳಿತ. ನಾನು ಅದನ್ನು ಅಂದೇ ಮರೆತೆ.

ಎಷ್ಟೋ ವರ್ಷಗಳ ಅನಂತರ ನಮ್ಮ ಮನೆಯ ಬಚ್ಚಲಿನ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಂದು ನನ್ನ ಶ್ರೀಮತಿಯವರು ದೂರತೊಡಗಿದರು. ಮೊದಲು ಕರೆಸಿದವರು ಗೀಸರನ್ನೇ ಬದಲಾಯಿಸಿ ಹಣ ಪಡೆದು ಹೋದರು. ತೊಂದರೆ ಹೋಗಲಿಲ್ಲ. ಕೊನೆಗೆ ಪರಿಚಿತರೊಬ್ಬರು ಕಳುಹಿಸಿದ ಎಲೆಕ್ಟ್ರಿಷಿಯನ್ ಬಾಗಿಲಲ್ಲಿ ನಿಂತು "ನಮಸ್ಕಾರ ಸಾರ್, ಗುರುತು ಸಿಕ್ತಾ?" ಎಂದ. ಅದೇ ಹುಡುಗ.

ಅವನು ಗೀಸರನ್ನು ಮುಟ್ಟಲೇ ಇಲ್ಲ. ಮೊದಲು ಮೇನ್ ಸ್ವಿಚ್ ಆರಿಸಿದ. ಸಾಕೆಟ್ಟನ್ನು ಬಿಚ್ಚಿ ನನ್ನನ್ನು ಹತ್ತಿರ ಕರೆದು ತೋರಿಸಿದ. ಮನೆ ಕಟ್ಟಿದಾಗ ವೈರಿಂಗ್ ಮಾಡಿದವರು ಅಲ್ಲಿಗೆ ಅರ್ಥ್ ತಂತಿಯನ್ನೇ ಎಳೆದಿರಲಿಲ್ಲ. ಅರ್ಥ್ ಪಿನ್ನಿಗೂ ನ್ಯೂಟ್ರಲ್ಲಿಗೂ ಒಂದು ತುಂಡು ತಂತಿಯನ್ನು ಗಂಟು ಹಾಕಿ ಮುಚ್ಚಿಬಿಟ್ಟಿದ್ದರು. "ನ್ಯೂಟ್ರಲ್ ಲೂಸಾಗಿದೆ ಸಾರ್, ಅದಕ್ಕೇ ಜುಮ್ಮನ್ನುತ್ತೆ. ಪೂರ್ತಿ ಕಡಿದುಹೋಗಿದ್ರೆ ಗೀಸರ್ ಮೈಗೆಲ್ಲ 230 ವೋಲ್ಟ್ ಬರ್ತಿತ್ತು. ಅಮ್ಮ ಒದ್ದೆ ಕೈಯಲ್ಲಿ ಮುಟ್ಟಿದ್ರೆ..." ಎಂದು ಅಷ್ಟಕ್ಕೇ ನಿಲ್ಲಿಸಿದ. ನನ್ನ ಮೈ ತಣ್ಣಗಾಯಿತು. ಅರ್ಥಿಂಗ್ ಕುರಿತು ವರ್ಷವರ್ಷವೂ ಪಾಠ ಹೇಳಿದವನು ನಾನು. ನನ್ನ ಮನೆಯ ಗೋಡೆಯೊಳಗೇ ಇದ್ದ ಸಾವನ್ನು ಕಂಡುಹಿಡಿದವನು, ನಾನು ಲಾಯಕ್ಕಿಲ್ಲವೆಂದು ಹಂಗಿಸಿದ ಹುಡುಗ.

ಎರಡು ದಿನ ದುಡಿದು ಹೊಸ ಅರ್ಥ್ ಗುಂಡಿ ತೋಡಿಸಿ, ಪ್ರತ್ಯೇಕ ಹಸಿರು ತಂತಿ ಎಳೆದು, 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ.ಯೊಂದನ್ನು ಕೂರಿಸಿದ. "ಎಂ.ಸಿ.ಬಿ. ಕಾಯೋದು ವೈರನ್ನು ಸಾರ್, ಮನುಷ್ಯನನ್ನು ಕಾಯೋದು ಇದು" ಎಂದು ವಿವರಿಸಿದ. ಅಂದು ಅವನು ಮೇಷ್ಟ್ರು, ನಾನು ವಿದ್ಯಾರ್ಥಿ. ಹಳೆಯ ಮಾತಿಗಾಗಿ ಕ್ಷಮೆ ಕೇಳಿದೆ. "ಬಿಡಿ ಸಾರ್" ಎಂದು ನಕ್ಕನೇ ಹೊರತು, ಮರೆತೆ ಎಂದು ಅವನು ಹೇಳಲಿಲ್ಲ.

ಆದ್ದರಿಂದ ಈ ವರ್ಷ ಯಾವುದೇ ಕಸುಬಿಗೆ ಕಾಲಿಡುತ್ತಿರುವ ನಮ್ಮ ಮಕ್ಕಳಿಗೆ, ಅವನಿಂದ ನಾನು ಕಲಿತದ್ದನ್ನೇ ಹೇಳುತ್ತೇನೆ.

ಮೊದಲನೆಯದು, ಅವಸರ ಬೇಡ. ಎಲೆಕ್ಟ್ರಿಷಿಯನ್ ತರಬೇತಿಗೆ ಎರಡು ವರ್ಷ ಬೇಕು. ಅದು ಮುಗಿದೊಡನೆ ಸಿಕ್ಕ ಕೂಲಿಗೆ ಓಡದೆ, 1961ರ ಅಪ್ರೆಂಟಿಸ್ ಕಾಯಿದೆಯನ್ವಯ ಕಾರ್ಖಾನೆಯಲ್ಲೋ ವಿದ್ಯುತ್ ಕಂಪನಿಯಲ್ಲೋ ಶಿಶಿಕ್ಷುವಾಗಿ ಕಲಿಯಿರಿ. ಭತ್ಯೆ ಕಡಿಮೆಯಾದರೂ ನುರಿತವರ ಕೈ ಹೇಗೆ ಆಡುತ್ತದೆಂಬುದನ್ನು ನೋಡುವ ಅವಕಾಶ ಇನ್ನೆಲ್ಲಿಯೂ ಸಿಕ್ಕದು. ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರ್ಮಿಟ್ಟನ್ನೂ ತಪ್ಪದೆ ಪಡೆಯಿರಿ.

ಎರಡನೆಯದು, ಪುಸ್ತಕವನ್ನು ಬಿಡಬೇಡಿ. 2000 ವ್ಯಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆಂಬುದು ಒಂದು ಭಾಗಾಕಾರದ ಲೆಕ್ಕ. ಈ ಲೆಕ್ಕ ಬಂದವನು ಅದನ್ನು ದೀಪದ ತೆಳು ವೈರಿಗೆ, 6 ಆಂಪಿಯರಿನ ಸಾಕೆಟ್ಟಿಗೆ ಕೊಡಲಾರ. ಬಾರದವನು ಕೊಡುತ್ತಾನೆ, ವೈರು ಬಿಸಿಯಾಗಿ ಮನೆ ಉರಿಯುತ್ತದೆ.

ಮೂರನೆಯದು, ಪ್ರಾಣಭಯವನ್ನು ಕಳೆದುಕೊಳ್ಳಬೇಡಿ. ನನ್ನ ಶಿಷ್ಯ ಫ್ಯೂಸನ್ನು ಕಿತ್ತು ತನ್ನ ಜೇಬಿನಲ್ಲಿಟ್ಟುಕೊಂಡೇ ಕೆಲಸ ಮಾಡುತ್ತಾನೆ, ಬೇರೆಯವರು ತಿಳಿಯದೆ ಹಾಕಿಬಿಡಬಾರದೆಂದು. ಟೆಸ್ಟರನ್ನು ಮೊದಲು ಕರೆಂಟು ಇರುವ ಕಡೆ ಇಟ್ಟು ಅದು ಸರಿಯಿದೆಯೆಂದು ನೋಡಿ, ಆಮೇಲೆ ಕೆಲಸದ ಜಾಗದಲ್ಲಿ ನೋಡಿ, ಮತ್ತೊಮ್ಮೆ ಕರೆಂಟು ಇರುವಲ್ಲಿ ನೋಡುತ್ತಾನೆ. ಕೆಟ್ಟ ಟೆಸ್ಟರೂ ಕರೆಂಟಿಲ್ಲವೆಂದೇ ಹೇಳುತ್ತದಲ್ಲವೇ? "ಇಷ್ಟು ವರ್ಷ ಮಾಡಿದ್ದೇನೆ, ನನಗೇನಾಗುತ್ತದೆ" ಎನ್ನುವ ದಿನವೇ ಅಪಾಯದ ದಿನವೆಂಬುದು ಅವನ ಅನುಭವ.

ನಾಲ್ಕನೆಯದು, ಬೇಡವೆನ್ನುವ ಧೈರ್ಯ. "ಅರ್ಥಿಂಗ್ ಬಿಡಪ್ಪ, ಖರ್ಚು ಕಡಿಮೆ ಮಾಡು" ಎನ್ನುವ ಮನೆಯೊಡೆಯರು ಬಹಳ. ಅಂಥ ಕೆಲಸವನ್ನು ಒಪ್ಪಬೇಡಿ. ಪ್ಲಾಸ್ಟರಿನ ಹಿಂದೆ ಮುಚ್ಚಿಹೋಗುವ ಕೆಲಸಕ್ಕೆ ನಿಮ್ಮ ಮನಸ್ಸಾಕ್ಷಿಯ ಹೊರತು ಬೇರೆ ಪರೀಕ್ಷಕರಿಲ್ಲ. ಹೇಳಿದ ಹೊತ್ತಿಗೆ ಹೋಗಿ, ತಂದ ಸಾಮಾನಿನ ಚೀಟಿ ತೋರಿಸಿ, ಲೆಕ್ಕ ಬರೆದಿಡಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವ ಗಾದೆ ಒಳ್ಳೆಯ ಹೆಸರಿಗೂ ಸಲ್ಲುತ್ತದೆ.

ಕಸುಬಿನ ಬದುಕು ಸುಖದ್ದೆಂದು ನಾನು ಹೇಳುತ್ತಿಲ್ಲ. ಬಿಸಿಲು, ಏಣಿ, ತಿಂಗಳುಗಟ್ಟಲೆ ಬಾಕಿ ಉಳಿಸುವ ಗುತ್ತಿಗೆದಾರರು, ಪಿಂಚಣಿಯಿಲ್ಲದ ಮುಪ್ಪು ಇವೆಲ್ಲ ನಿಜ. ಆದ್ದರಿಂದಲೇ ಸಂಪಾದನೆಯ ಮೊದಲ ತಿಂಗಳಿಂದ ಅಪಘಾತ ವಿಮೆ ಮಾಡಿಸಿ, ಅಷ್ಟಿಷ್ಟು ಉಳಿಸಿ. ಆದರೆ ಈ ಕಷ್ಟಗಳ ಮೇಲೆ ಅವಮಾನದ ಹೊರೆಯನ್ನೂ ಹೊರಿಸುವವರು ನಾವು, ಓದಿದವರು. ಹನ್ನೆರಡನೆಯ ಶತಮಾನದ ಶರಣರನ್ನು ನೋಡಿ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ. ಕಸುಬು ಅವರ ಹೆಸರಿನ ಮುಂದೆಯೇ ನಿಂತಿದೆ. ಅವರನ್ನು ಪಾಠದಲ್ಲಿ ಹೊಗಳಿ, ಪಾಠ ಮುಗಿದೊಡನೆ ಕೈಕೆಲಸವನ್ನು ದಡ್ಡರ ಪಾಲಿಗೆ ಬಿಟ್ಟವರು ನಮ್ಮಂಥ ಮೇಷ್ಟ್ರುಗಳು.

ಇದನ್ನು ಬರೆಯುವ ಮೊದಲು ಆ ನನ್ನ ಶಿಷ್ಯನಿಗೆ ಫೋನ್ ಮಾಡಿ, ಐ.ಟಿ.ಐ. ಸೇರಿದ ಹುಡುಗನ ವಿಷಯ ಹೇಳಿದೆ. "ರಜೆಯಲ್ಲಿ ಕಳಿಸಿ ಸಾರ್, ಜೊತೆಗಿಟ್ಕೋತೀನಿ" ಎಂದ. ನಿಮ್ಮಲ್ಲಿಯೂ ಕಸುಬಿನಲ್ಲಿ ಪಳಗಿದವರು ಅನೇಕರಿದ್ದೀರಿ. ಒಬ್ಬೊಬ್ಬ ಹುಡುಗನನ್ನಾದರೂ ಜೊತೆಗೆ ಕರೆದುಕೊಳ್ಳಿ, ಊಟ ಮತ್ತು ದುಡಿಮೆಯ ಹಣವನ್ನು ಸರಿಯಾಗಿ ಕೊಡಿ. ಮತ್ತೆ, ತಾಯಿ, ಮುಂದಿನ ಸಲ ಯಾರಾದರೂ ಕೇಳಿದರೆ ಮಗನ ಓದಿನ ವಿಷಯವನ್ನೂ ಮಗಳದರಷ್ಟೇ ಗಟ್ಟಿಯಾಗಿ ಹೇಳಮ್ಮ.