ಬಿಸಿಲೂರು ಎಂಬ ನೆಪ

‘ಕರ್ನಾಟಕದ ಬಗ್ಗೆ ನಿಮಗೆ ಗೊತ್ತಿರದ ಅಚ್ಚರಿಯ ಸಂಗತಿಗಳು’ ಎಂಬ ವಿಡಿಯೊ ವಾರಕ್ಕೆರಡಾದರೂ ನಮ್ಮ ವಾಟ್ಸ್ಆ್ಯಪ್‌ಗೆ ಬರುತ್ತದೆ. 320 ಕಿ.ಮೀ. ಕರಾವಳಿ, ಆಗುಂಬೆ ಮಳೆ, ಜೋಗ, ಮುರ್ಡೇಶ್ವರದ ಶಿವ, ಕೊನೆಗೆ ಕೊಡಗಿನ ಕಾಫಿ. ರಾಯಚೂರಿನ ಕೋಚಿಂಗ್ ಸೆಂಟರ್‌ಗಳಲ್ಲಿ ಪಿಡಿಒ, ಎಫ್‌ಡಿಎಗೆ ಓದುವವರೂ ಇದನ್ನೇ ಬಾಯಿಪಾಠ ಮಾಡುತ್ತಾರೆ. ಸಮುದ್ರವನ್ನೇ ನೋಡದ ಮಾನ್ವಿಯ ಹುಡುಗಿ ಬಂದರುಗಳ ಹೆಸರು ಒಂದೇ ಉಸಿರಿಗೆ ಹೇಳುತ್ತಾಳೆ. ತಪ್ಪೇನಿಲ್ಲ, ಮಾರ್ಕ್ಸ್ ಬರಬೇಕಲ್ಲ. ಆದರೆ ಅದೇ ಪಟ್ಟಿಯಲ್ಲಿ ನಮ್ಮ ಜಿಲ್ಲೆ ‘ಬಿಸಿಲೂರು’ ಎಂಬ ಒಂದೇ ಪದಕ್ಕೆ ಮುಗಿಯುತ್ತದೆ. ನಮ್ಮ ತಕರಾರು ಇರುವುದು ಆ ಪದದ ಬಗ್ಗೆ.

ಅಚ್ಚರಿಯೇ ಬೇಕೆಂದರೆ ಇಲ್ಲಿ ಕೊರತೆಯಿಲ್ಲ. ದಾಸರ ಪದ ಎಂದರೆ ಹೊರಗಿನವರಿಗೆ ಉಡುಪಿ ನೆನಪಾಗುತ್ತದೆ. ವಿಜಯದಾಸರು ಮಾನ್ವಿ ಬಳಿಯ ಚೀಕಲಪರ್ವಿಯವರು, ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು, ‘ಹರಿಕಥಾಮೃತಸಾರ’ದ ಜಗನ್ನಾಥದಾಸರು ಬಾಳಿದ್ದು ಮಾನ್ವಿಯಲ್ಲೇ. ಅಶೋಕನ ಹೆಸರನ್ನೇ ಬರೆದ ಶಾಸನ 1915ರಲ್ಲಿ ಸಿಕ್ಕಿದ್ದು ಮಸ್ಕಿಯಲ್ಲಿ. ಅದಕ್ಕೂ ಮೊದಲು ‘ದೇವಾನಾಂಪ್ರಿಯ’ ಯಾರು ಎಂಬುದೇ ವಾದದ ವಿಷಯವಾಗಿತ್ತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ಹಟ್ಟಿಯಲ್ಲಿ ಈಗಲೂ ಚಿನ್ನ ತೆಗೆಯುತ್ತಾರೆ.

ಇವನ್ನು ಪಟ್ಟಿಗೆ ಸೇರಿಸಿಬಿಟ್ಟರೆ ನಮಗೆ ಸಮಾಧಾನವಾಗುವುದಿಲ್ಲ. ‘ಬಿಸಿಲೂರು’ ಎಂದಾಗ ಕೇಳುವವರ ತಲೆಯಲ್ಲಿ ಇನ್ನೊಂದು ಮಾತು ತಾನಾಗಿ ಕೂಡುತ್ತದೆ: ಬಿಸಿಲು ಜಾಸ್ತಿ, ಮಳೆ ಕಮ್ಮಿ, ಅದಕ್ಕೇ ಬಡತನ. ಯಾರ ತಪ್ಪೂ ಇಲ್ಲ, ಸೂರ್ಯನದ್ದೇ ತಪ್ಪು!

ನಕ್ಷೆ ತೆಗೆದು ನೋಡಿ. ಜಿಲ್ಲೆಯ ಒಂದು ಮಗ್ಗುಲಿಗೆ ಕೃಷ್ಣಾ, ಇನ್ನೊಂದಕ್ಕೆ ತುಂಗಭದ್ರಾ, ನಡುವೆ ಎರೆಭೂಮಿ. ಈ ದೋಆಬಕ್ಕಾಗಿಯೇ ರಾಜರು ನೂರಾರು ವರ್ಷ ಬಡಿದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಪೋರ್ಚುಗೀಸ್ ಬಂದೂಕುಗಾರರೂ ಜೊತೆಗಿದ್ದರು. ಬರಡು ನೆಲಕ್ಕೆ ಯಾರೂ ಹಾಗೆ ಹೊಡೆದಾಡುವುದಿಲ್ಲ.

ಆದರೂ ಎರಡು ನದಿಯ ನಡುವಿನ ರಾಯಚೂರು ನಗರದಲ್ಲಿ 2022ರ ಬೇಸಿಗೆಯಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮೇಲ್ಭಾಗದಲ್ಲೇ ಖಾಲಿಯಾಗಿ, ಕೊನೆ ಭಾಗದ ಮಾನ್ವಿ, ರಾಯಚೂರು ರೈತರು ವರ್ಷವರ್ಷವೂ ರಸ್ತೆಗಿಳಿಯುತ್ತಾರೆ. ಇದರಲ್ಲಿ ಬಿಸಿಲಿನ ಪಾತ್ರ ಎಷ್ಟು, ಗೇಟ್ ಕಾಯುವವರ ಪಾತ್ರ ಎಷ್ಟು?

ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1985ರಿಂದ ವಿದ್ಯುತ್ ಕೊಡುತ್ತಿದೆ. ಎಂಟು ಘಟಕ ಸೇರಿ 1,720 ಮೆಗಾವಾಟ್ ಸಾಮರ್ಥ್ಯ. ಕರೆಂಟು ರಾಜ್ಯಕ್ಕೆಲ್ಲ, ಹಾರುಬೂದಿ ಮಾತ್ರ ನಮಗೆ. ಸುಗ್ಗಿ ಮುಗಿದರೆ ದೇವದುರ್ಗದಿಂದ ಗುಳೆ ಹೋಗುವವರು ಬೆಂಗಳೂರಿನಲ್ಲಿ ಕಟ್ಟಡ ಕಟ್ಟುತ್ತಾರೆ, ಮಕ್ಕಳ ಶಾಲೆ ಅರ್ಧಕ್ಕೇ ನಿಲ್ಲುತ್ತದೆ.

2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ ಆಗಿನ 175 ತಾಲ್ಲೂಕುಗಳನ್ನು ಅಳೆಯಿತು. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ಮಾನ್ವಿಯೂ ಇತ್ತು, ಎಲ್ಲಕ್ಕಿಂತ ಕಟ್ಟಕಡೆಗೆ ದೇವದುರ್ಗ. ಸಮಿತಿ ಅಳೆದದ್ದು ಶಾಲೆ, ಆಸ್ಪತ್ರೆ, ರಸ್ತೆ, ನೀರಾವರಿಯನ್ನು. ಅವೆಲ್ಲ ಸರ್ಕಾರಗಳು ಕೊಟ್ಟಾಗ ಬರುವಂಥವು. ಅದೇ ಸಮಿತಿ ರಾಯಚೂರಿಗೆ ಐಐಟಿ ಕೊಡಿ ಎಂದಿತ್ತು, ಅದು ಧಾರವಾಡಕ್ಕೆ ಹೋಯಿತು. ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಸಾವಿರ ದಿನ ಟೆಂಟ್‌ನಲ್ಲಿ ಕೂತದ್ದು ಅಚ್ಚರಿಯ ಸಂಗತಿ ಅಲ್ಲವೇ?

ಪತ್ರಿಕೆಯವರಾದ ನಮ್ಮ ಪಾಲೂ ಇದರಲ್ಲಿದೆ ಎಂದೇ ಬರೆಯುತ್ತಿದ್ದೇವೆ. ಏಪ್ರಿಲ್ ಬಂದರೆ ಡೆಸ್ಕ್‌ನಿಂದ ಫೋನ್ ಬರುತ್ತದೆ: ‘ಇವತ್ತು ಎಷ್ಟು ಡಿಗ್ರಿ ರೀ? ಕೊಡೆ ಹಿಡಿದವರ ಫೋಟೊ ಇದೆಯಾ?’ ಈ ಸಲವೂ ಡಿಗ್ರಿ ಕಳಿಸೋಣ. ಅದರ ಕೆಳಗೇ ಮಾನ್ವಿಯ ಕೊನೆ ಭಾಗದ ಹೊಲಗಳಿಗೆ ಎಷ್ಟು ದಿನ ನೀರು ಬಂತು, ದೇವದುರ್ಗದ ಯಾವ ಶಾಲೆಯಲ್ಲಿ ಎಷ್ಟು ಮಕ್ಕಳು ಗುಳೆ ಹೋದರು ಎಂಬುದನ್ನೂ ಸೇರಿಸೋಣ. ಬೇಡವಾದರೆ ಅವರೇ ಕತ್ತರಿಸಲಿ.